ಹಿಮಾಂಗಣದ ವೀರ ಬಿಬಿ ಟೋರಿಯಾನಿ

ಹಾಕಿ ಎಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವುದು ವಿಶಾಲವಾದ ಹಸುರು ಬಯಲು, ಬಿಳಿಯ ಚೆಂಡು, ಮತ್ತು ಧ್ಯಾನ್ ಚಂದನ ಕೈಯಲ್ಲಿನ ಮಾಯದ ಕೋಲು. ೧೯೨೮ರ ಮೇ ತಿಂಗಳಿನಲ್ಲಿ ಆಮ್‌ಸ್ಟರ್‌ಡಾಮ್ ನಗರದಲ್ಲಿ ಭಾರತವು ಮೊಟ್ಟಮೊದಲ ಬಾರಿಗೆ ಒಲಿಂಪಿಕ್ ಹಾಕಿಯ ಚಿನ್ನವನ್ನು ಗೆದ್ದುದನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅದೇ ವರ್ಷ, ಅದಕ್ಕೆ ಕೇವಲ ಮೂರು ತಿಂಗಳು ಮೊದಲು, ಸ್ವಿಟ್ಜರ್ಲೆಂಡಿನ ಹಿಮಾಚ್ಛಾದಿತ ಪರ್ವತಗಳ ನಡುವೆ ಇನ್ನೊಂದು ಬಗೆಯ ಹಾಕಿಯ ಒಲಿಂಪಿಕ್ ಪಂದ್ಯಗಳು ನಡೆದವೆಂಬುದೂ, ಅಲ್ಲಿ ಹದಿನಾರು ವರ್ಷದ ಹುಡುಗನೊಬ್ಬನು ತನ್ನ ದೇಶಕ್ಕಾಗಿ ಆಡಿ ಕಂಚಿನ ಪದಕವನ್ನು ಕೊರಳಿಗೇರಿಸಿದನೆಂಬುದೂ ಬಹುಶಃ ನಮಗೆ ಹೊಸ ಸಂಗತಿ. ಆ ಹುಡುಗನೇ ರಿಚರ್ಡ್ ಟೋರಿಯಾನಿ. ಜನರು ಪ್ರೀತಿಯಿಂದ ಕರೆದ ಹೆಸರು ಬಿಬಿ ಟೋರಿಯಾನಿ. ಆ ಹೆಸರೇ ಕೊನೆಯವರೆಗೂ ಆತನಿಗೆ ಉಳಿಯಿತು.

ಆತನ ಜೀವನವನ್ನು ಅರಿಯುವ ಮುನ್ನ ಆತನ ಆಟವನ್ನು ಸ್ವಲ್ಪ ಅರಿಯುವುದು ಒಳ್ಳೆಯದು. ಐಸ್ ಹಾಕಿಯಲ್ಲಿ ಬಯಲಿನ ಬದಲು ಗಟ್ಟಿಯಾಗಿ ಹೆಪ್ಪುಗಟ್ಟಿದ ನೀರೇ ಅಂಗಣ. ಆಟಗಾರನ ಬೂಟಿನ ಅಡಿಗೆ ಉಕ್ಕಿನ ಅಲಗು. ಚೆಂಡಿಗೆ ಬದಲಾಗಿ ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಒಂದೊಂದು ಪಕ್ಷಕ್ಕೆ ಅಂಗಣದಲ್ಲಿ ಆರೇ ಮಂದಿ: ಗುರಿ ಕಾಯುವವನೊಬ್ಬ, ರಕ್ಷಕರಿಬ್ಬರು, ಮುನ್ನುಗ್ಗುವವರು ಮೂವರು. ಇಷ್ಟು ಕಡಿಮೆ ಜನ ಅಷ್ಟು ವೇಗವಾಗಿ ಜಾರುತ್ತ ಆಡುವಾಗ ಯೋಚಿಸಿ ನಿರ್ಧರಿಸುವುದಕ್ಕೆ ಸಮಯವೆಲ್ಲಿ? ಜೊತೆಯವನು ಎಲ್ಲಿದ್ದಾನೆಂದು ನೋಡಿ ತಿಳಿಯುವಷ್ಟರಲ್ಲಿ ಎದುರಾಳಿ ಬಂದು ಬಿಲ್ಲೆಯನ್ನು ಕಸಿದುಕೊಂಡಿರುತ್ತಾನೆ. ನೋಡದೆಯೇ ತಿಳಿಯಬೇಕು. ಆದುದರಿಂದ ಮುಂಚೂಣಿಯ ಮೂವರು ಮೂರು ದೇಹ, ಒಂದೇ ಮನಸ್ಸು ಎಂಬಂತೆ ಇರಬೇಕಾಗುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಟೋರಿಯಾನಿಯ ಕೀರ್ತಿಯ ಗುಟ್ಟೆಲ್ಲ ಇದರಲ್ಲಿಯೇ ಅಡಗಿದೆ.

ಟೋರಿಯಾನಿ ಹುಟ್ಟಿದುದು ೧೯೧೧ನೆಯ ಇಸವಿ ಅಕ್ಟೋಬರ್ ೧ರಂದು, ಸೇಂಟ್ ಮೊರಿಟ್ಸ್ ಎಂಬ ಊರಿನಲ್ಲಿ. ಸ್ವಿಟ್ಜರ್ಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಗ್ರೌಬ್ಯೂಂಡನ್ ಎಂಬ ಪ್ರಾಂತಕ್ಕೆ ಸೇರಿದ ಊರು ಅದು. ಜರ್ಮನ್, ರೊಮಾನ್ಶ್, ಇಟಾಲಿಯನ್ ಎಂಬ ಮೂರು ಭಾಷೆಗಳು ಒಂದೇ ಪ್ರಾಂತದಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತಿರುವುದು ಅಲ್ಲಿನ ವಿಶೇಷ. ಸಮುದ್ರಮಟ್ಟದಿಂದ ಸುಮಾರು ೧,೮೦೦ ಮೀಟರ್ ಎತ್ತರದಲ್ಲಿರುವ ಆ ಊರಿನ ಸರೋವರವು ಚಳಿಗಾಲದಲ್ಲಿ ಗಾಜಿನ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಬೇಸಗೆಯಲ್ಲಿ ಮಾತ್ರ ಬರುತ್ತಿದ್ದ ಇಂಗ್ಲೆಂಡಿನ ಶ್ರೀಮಂತ ಪ್ರವಾಸಿಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಳಿಗಾಲದಲ್ಲೂ ಅಲ್ಲಿಗೆ ಬರತೊಡಗಿದರು. ಅವರ ಜೊತೆಯಲ್ಲೇ ಹಿಮದ ಆಟಗಳೂ ಬಂದವು. ೧೯೦೪ರಲ್ಲಿ ಬೆಟ್ಟಗಳನ್ನು ಕೊರೆದು ಮಾಡಿದ ರೈಲುದಾರಿಯೂ ಊರನ್ನು ಮುಟ್ಟಿತು. ದೂರದ ಅತಿಥಿಗಳು ಹಣ ತೆತ್ತು ಕಲಿಯುತ್ತಿದ್ದ ಆಟವನ್ನು ಸ್ಥಳದ ಹುಡುಗರು ನಡೆದಾಡುವುದನ್ನು ಕಲಿತಷ್ಟೇ ಸಹಜವಾಗಿ ಕಲಿತರು. ಬಿಬಿಯೂ ಅಂತಹ ಹುಡುಗರಲ್ಲೊಬ್ಬ.

ಬೆಳೆಯುವ ಪೈರಿನ ಗುಣ ಮೊಳಕೆಯಲ್ಲಿಯೇ ಕಾಣುವುದೆಂಬಂತೆ, ಹದಿನಾರನೆಯ ವಯಸ್ಸಿಗೇ ಆತನು ದೇಶದ ತಂಡಕ್ಕೆ ಆಯ್ಕೆಯಾದನು. ೧೯೨೮ರ ಫೆಬ್ರವರಿಯಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದುದು ಆತನ ಹುಟ್ಟೂರಿನಲ್ಲಿಯೇ. ಅಂದಿನ ದಿನಗಳಲ್ಲಿ ಕೆನಡಾದವರ ಮುಂದೆ ಯೂರೋಪಿನ ಆಟಗಾರರು ಶಿಶುಗಳಂತಿದ್ದರು. ಟೊರಾಂಟೊ ವಿಶ್ವವಿದ್ಯಾನಿಲಯದ ಪದವೀಧರರ ತಂಡವನ್ನು ಕೆನಡಾ ಕಳುಹಿಸಿತ್ತು. ಆ ತಂಡವು ಸ್ವೀಡನ್ನನ್ನು ೧೧-೦, ಬ್ರಿಟನ್ನನ್ನು ೧೪-೦, ಸ್ವಿಟ್ಜರ್ಲೆಂಡನ್ನು ೧೩-೦ ಗೋಲುಗಳಿಂದ ಸೋಲಿಸಿ ಹೊರಟುಹೋಯಿತು. ಆದರೂ ಸ್ವಿಸ್ ಹುಡುಗರು ಎದೆಗುಂದಲಿಲ್ಲ. ಬ್ರಿಟನ್ನನ್ನು ೪-೦ಯಿಂದ ಗೆದ್ದು ಮೂರನೆಯ ಸ್ಥಾನವನ್ನು ತಮ್ಮದಾಗಿಸಿಕೊಂಡರು. ಆ ತಂಡದಲ್ಲಿದ್ದ ಲೂಸಿಯಸ್ ರ್‍ಯೂಡಿ ಎಂಬಾತನು ಮುಂದೆ ಕಿವಿ, ಮೂಗು, ಗಂಟಲುಗಳ ವೈದ್ಯಶಾಸ್ತ್ರದಲ್ಲಿ ಹೆಸರಾಂತ ಪ್ರಾಧ್ಯಾಪಕನಾದನು. ಆಟವು ಯಾರಿಗೂ ಹೊಟ್ಟೆಪಾಡಾಗಿರದಿದ್ದ ಕಾಲ ಅದು. ವೈದ್ಯನಾಗಬೇಕಾದವನು ವೈದ್ಯನೇ ಆಗುತ್ತಿದ್ದನು. ಸಂಜೆಯ ಹೊತ್ತು ಕೋಲು ಹಿಡಿಯುತ್ತಿದ್ದನು, ಅಷ್ಟೆ. ಶಾಲೆಯ ಬೆಂಚಿನ ಮೇಲೆ ಕುಳಿತಿರಬೇಕಾದ ವಯಸ್ಸಿನಲ್ಲಿ ಟೋರಿಯಾನಿಗೆ ದೊರೆತ ಆ ಪದಕಕ್ಕಿಂತಲೂ ದೊಡ್ಡ ಲಾಭವೆಂದರೆ, ಹದಿಮೂರು ಗೋಲುಗಳಿಂದ ಸೋಲುವುದೆಂದರೇನು ಎಂಬ ಪಾಠ. ಆ ಅಂತರವನ್ನು ತುಂಬುವುದೇ ಆತನ ಮುಂದಿನ ಇಪ್ಪತ್ತು ವರ್ಷಗಳ ತಪಸ್ಸಾಯಿತು.

ಆ ತಪಸ್ಸಿಗೆ ಆಶ್ರಮವಾದುದು ದಾವೋಸ್. ಅದೇ ಪ್ರಾಂತದಲ್ಲಿ, ಸುಮಾರು ೧,೫೬೦ ಮೀಟರ್ ಎತ್ತರದ ಕಣಿವೆಯಲ್ಲಿರುವ ಈ ಊರಿನ ಕಥೆಯೂ ಕೌತುಕವಾದುದು. ೧೮೪೯ರಲ್ಲಿ ಜರ್ಮನಿಯ ಬಾಡೆನ್ ಸೀಮೆಯಲ್ಲಿ ನಡೆದ ಕ್ರಾಂತಿಯಲ್ಲಿ ಭಾಗವಹಿಸಿ ಸ್ವಿಟ್ಜರ್ಲೆಂಡಿಗೆ ಓಡಿಬಂದ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ತರುಣನು, ಜ್ಯೂರಿಕ್‌ನಲ್ಲಿ ವೈದ್ಯಶಾಸ್ತ್ರವನ್ನು ಓದಿ ೧೮೫೩ರಲ್ಲಿ ದಾವೋಸ್ ಕಣಿವೆಯ ವೈದ್ಯನಾಗಿ ನೇಮಕಗೊಂಡನು. ಕಣಿವೆಯ ಜನರಲ್ಲಿ ಕ್ಷಯರೋಗವು ಕಾಣದಿದ್ದುದನ್ನು ಆತನು ಗಮನಿಸಿದನು. ೧೮೬೫ರ ಚಳಿಗಾಲದಲ್ಲಿ ಇಬ್ಬರು ರೋಗಿಗಳು ಅಲ್ಲಿಗೆ ಬಂದು ಗುಣಹೊಂದಿದ ಮೇಲೆ ಜಗತ್ತಿನ ಮೂಲೆಮೂಲೆಗಳಿಂದ ಕ್ಷಯರೋಗಿಗಳು ಆ ಹಳ್ಳಿಯನ್ನು ಹುಡುಕಿಕೊಂಡು ಬರತೊಡಗಿದರು. ಸ್ಯಾನಟೋರಿಯಂಗಳು ಸಾಲುಸಾಲಾಗಿ ಎದ್ದವು. ಬಿಸಿಲುಮೊಗಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ ರೋಗಿಗಳು ಒಂದು ಕಡೆ. ಕೆಳಗಿನ ಹಿಮಾಂಗಣದಲ್ಲಿ ಉತ್ಸಾಹದಿಂದ ಜಾರುವ ತರುಣರು ಇನ್ನೊಂದು ಕಡೆ. ಸಾವಿನ ನೆರಳೂ ಯೌವನದ ಕೇಕೆಯೂ ಒಂದೇ ಬೀದಿಯಲ್ಲಿ ವಾಸವಾಗಿದ್ದ ಊರೆಂದರೆ ಅದು ದಾವೋಸ್. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬಂದು ಸ್ಯಾನಟೋರಿಯಂಗಳು ಬರಿದಾಗುವವರೆಗೂ ಅದರ ಸ್ಥಿತಿ ಹಾಗೆಯೇ ಇತ್ತು.

ಈ ಊರಿನಲ್ಲಿ ೧೯೧೮ರಲ್ಲಿ ದಾವೋಸ್ ಹಾಕಿ ಸಂಘವು ಹುಟ್ಟಿತು. ಮೊದಲನೆಯ ಮಹಾಯುದ್ಧವು ಮುಗಿದ ವರ್ಷ ಅದು. ಯುದ್ಧವು ಮುಗಿದರೂ ವೈರ ಮುಗಿದಿರಲಿಲ್ಲ. ಸೋತ ದೇಶಗಳ ಆಟಗಾರರನ್ನು ಅಂತಾರಾಷ್ಟ್ರೀಯ ಸ್ಪರ್ಧೆಗಳಿಗೆ ಸೇರಿಸುತ್ತಿರಲಿಲ್ಲ. ಅಲೆಕ್ಸಾಂಡರ್ ಸ್ಪೆಂಗ್ಲರನ ಮಗನೂ, ಸ್ವತಃ ವೈದ್ಯನೂ ಆದ ಕಾರ್ಲ್ ಸ್ಪೆಂಗ್ಲರನಿಗೆ ಇದು ಸರಿಕಾಣಲಿಲ್ಲ. ತಂದೆಯು ದೇಹದ ರೋಗಕ್ಕೆ ಕಣಿವೆಯ ಗಾಳಿಯನ್ನು ಮದ್ದಾಗಿ ಕೊಟ್ಟರೆ, ಮಗನು ಮನಸ್ಸಿನ ರೋಗಕ್ಕೆ ಕಣಿವೆಯ ಹಿಮವನ್ನು ಮದ್ದಾಗಿ ಕೊಟ್ಟನು. ೧೯೨೩ರಲ್ಲಿ ಆತನು ಒಂದು ಬಟ್ಟಲನ್ನು ದಾನಮಾಡಿ, ನಿನ್ನೆಯವರೆಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ದೇಶಗಳ ತರುಣರನ್ನು ವರ್ಷದ ಕೊನೆಯ ವಾರದಲ್ಲಿ ದಾವೋಸಿಗೆ ಆಟಕ್ಕೆ ಕರೆದನು. ಮೊದಲ ವರ್ಷ ಬಟ್ಟಲನ್ನು ಗೆದ್ದವರು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ಮರುವರ್ಷ ಗೆದ್ದವರು ಜರ್ಮನಿಯ ಬರ್ಲಿನ್ನಿನವರು. ಸ್ಪೆಂಗ್ಲರನ ಉದ್ದೇಶವು ಎಷ್ಟು ಬೇಗ ಫಲಿಸಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಸ್ಪೆಂಗ್ಲರ್ ಕಪ್ಪು ನೂರು ವರ್ಷ ದಾಟಿ ಬಾಳಿ ಬಂದಿದೆ. ಸಂಘಗಳ ನಡುವಿನ ಐಸ್ ಹಾಕಿ ಸ್ಪರ್ಧೆಗಳಲ್ಲಿ ಅತಿ ಹಳೆಯವುಗಳಲ್ಲಿ ಅದೂ ಒಂದೆಂದು ಹೆಸರು ಪಡೆದಿದೆ.

೧೯೨೯ರಲ್ಲಿ ಟೋರಿಯಾನಿ ಈ ದಾವೋಸ್ ಸಂಘವನ್ನು ಸೇರಿದನು. ಆಗ ಆತನಿಗೆ ವಯಸ್ಸು ಹದಿನೆಂಟು. ೧೯೫೦ರವರೆಗೆ, ಇಪ್ಪತ್ತೊಂದು ವರ್ಷಗಳ ಕಾಲ, ಆತನು ಅದೇ ಸಂಘದ ನೀಲಿ ಹಳದಿ ಅಂಗಿಯನ್ನು ತೊಟ್ಟನು. ಅಂದಿನ ಅಂಗಣಕ್ಕೆ ಮಾಡಿರಲಿಲ್ಲ, ಯಂತ್ರವಿರಲಿಲ್ಲ. ಆಕಾಶವೇ ಚಾವಣಿ, ಚಳಿಯೇ ಯಂತ್ರ. ಹಿಮ ಸುರಿದರೆ ಗುದ್ದಲಿ ಹಿಡಿದು ಸರಿಸಬೇಕು. ಬಿಸಿಲೇರಿದರೆ ಅಂಗಣವು ಕರಗಿ ಕೆಸರಾಗುವುದನ್ನು ನೋಡುತ್ತ ಕೂರಬೇಕು. ಇಂತಹ ಅಂಗಣದಲ್ಲಿ ಟೋರಿಯಾನಿಗೆ ಇಬ್ಬರು ಜೊತೆಗಾರರು ದೊರೆತರು. ಹಾನ್ಸ್ ಕಟ್ಟೀನಿ ಮತ್ತು ಆತನ ತಮ್ಮ, ಪಿಕ್ ಎಂದು ಎಲ್ಲರೂ ಕರೆಯುತ್ತಿದ್ದ ಫರ್ಡಿನಾಂಡ್ ಕಟ್ಟೀನಿ. ಟೋರಿಯಾನಿ, ಕಟ್ಟೀನಿ, ಕಟ್ಟೀನಿ: ಮೂವರ ಹೆಸರೂ ನಿ ಎಂಬ ಅಕ್ಷರದಲ್ಲಿಯೇ ಕೊನೆಗೊಳ್ಳುತ್ತಿದ್ದುದರಿಂದ ಜನರು ಆ ಮುಂಚೂಣಿಗೆ ನಿ-ಸ್ಟುರ್ಮ್ ಎಂದು ಹೆಸರಿಟ್ಟರು. ಸ್ಟುರ್ಮ್ ಎಂದರೆ ಜರ್ಮನ್ ಭಾಷೆಯಲ್ಲಿ ಬಿರುಗಾಳಿ. ಆಟದ ಮಾತಿನಲ್ಲಿ ಮುನ್ನುಗ್ಗುವವರ ಪಡೆ. ಎರಡು ಅರ್ಥವೂ ಇವರಿಗೆ ಒಪ್ಪುತ್ತಿತ್ತು.

ಈ ಮೂವರು ಗೆದ್ದದ್ದು ಮೈಬಲದಿಂದಲ್ಲ, ಹೊಂದಾಣಿಕೆಯಿಂದ. ಕೆನಡಾದವರ ಮೈಕಟ್ಟಿನ ಮುಂದೆ ಸ್ವಿಸ್ ಹುಡುಗರು ನಿಲ್ಲುವಂತಿರಲಿಲ್ಲ. ಡಿಕ್ಕಿ ಹೊಡೆದರೆ ಬೀಳುವವರು ಇವರೇ. ಆದುದರಿಂದ ಬಿಲ್ಲೆಯನ್ನು ತಾನೇ ಇಟ್ಟುಕೊಂಡು ನುಗ್ಗುವ ಆಸೆಯನ್ನು ಮೂವರೂ ಬಿಟ್ಟರು. ಒಬ್ಬನ ಕೋಲಿನಿಂದ ಇನ್ನೊಬ್ಬನ ಕೋಲಿಗೆ, ಅಲ್ಲಿಂದ ಮತ್ತೊಬ್ಬನ ಕೋಲಿಗೆ ಬಿಲ್ಲೆಯು ಮಗ್ಗದ ಲಾಳಿಯಂತೆ ಓಡಾಡುತ್ತಿತ್ತು. ಎದುರಾಳಿ ಬಂದು ಮೈಮೇಲೆ ಬೀಳುವ ಹೊತ್ತಿಗೆ ಅಲ್ಲಿ ಆಟಗಾರನಿರುತ್ತಿದ್ದನೇ ಹೊರತು ಬಿಲ್ಲೆ ಇರುತ್ತಿರಲಿಲ್ಲ. ಎಡಬದಿಯಿಂದ ಜಾರಿ ಬರುವ ಟೋರಿಯಾನಿ ಈ ನೇಯ್ಗೆಯ ಮುಖ್ಯ ಕಸಬುದಾರ. ಗೋಲು ಹೊಡೆಯುವುದರಲ್ಲೂ ಗೋಲಿಗೆ ದಾರಿಮಾಡಿ ಕೊಡುವುದರಲ್ಲೂ ಆತನದು ಒಂದೇ ಕೈ. ದೇಶಕ್ಕಾಗಿ ಆಡಿದ ೧೧೧ ಪಂದ್ಯಗಳಲ್ಲಿ ಆತನು ಹೊಡೆದ ಗೋಲುಗಳ ಸಂಖ್ಯೆ ೧೦೫. ಇತರರಿಗೆ ಬಿಟ್ಟುಕೊಟ್ಟೂ ಇಷ್ಟನ್ನು ಗಳಿಸಿದನೆಂಬುದು ಗಮನಿಸತಕ್ಕ ವಿಷಯ.

ಸಂಘದ ಚರಿತ್ರೆಯಲ್ಲಿ ಆ ಎರಡು ದಶಕಗಳು ಸುವರ್ಣಯುಗವೆನ್ನಬೇಕು. ೧೯೩೦ರಿಂದ ೧೯೫೦ರವರೆಗಿನ ಅವಧಿಯಲ್ಲಿ ದಾವೋಸ್ ಸಂಘವು ರಾಷ್ಟ್ರದ ಚಾಂಪಿಯನ್ ಪಟ್ಟವನ್ನು ೧೮ ಸಲ ಗೆದ್ದಿತು. ೧೯೪೧ರಿಂದ ೧೯೪೮ರವರೆಗೆ ಎಂಟು ವರ್ಷ ಒಂದೇ ಸಮನೆ ಆ ಪಟ್ಟವು ಬೇರೆಡೆಗೆ ಹೋಗಲಿಲ್ಲ. ೧೯೩೩, ೧೯೩೬, ೧೯೩೮, ೧೯೪೧, ೧೯೪೨, ೧೯೪೩ ಈ ವರ್ಷಗಳಲ್ಲಿ ಸ್ಪೆಂಗ್ಲರ್ ಕಪ್ಪೂ ಮನೆಯಲ್ಲಿಯೇ ಉಳಿಯಿತು. ಜ್ಯೂರಿಕ್, ಬಾಸೆಲ್, ಬರ್ನ್ ಮೊದಲಾದ ಮಹಾನಗರಗಳ ಸಂಘಗಳಿಗಿದ್ದ ಜನಬಲವಾಗಲಿ ಧನಬಲವಾಗಲಿ ಒಂದು ಕಣಿವೆಯ ಊರಿಗೆ ಎಲ್ಲಿಂದ ಬರಬೇಕು? ಆದರೂ ಜ್ಯೂರಿಕ್ ಸಂಘದವರು ೧೯೩೬ರಲ್ಲಿಯೂ ೧೯೪೯ರಲ್ಲಿಯೂ ಒಂದೊಂದು ಬಾರಿ ಪಟ್ಟವನ್ನು ಕಸಿದುಕೊಂಡುದೇ ಸುದ್ದಿಯಾಗುವಷ್ಟರ ಮಟ್ಟಿಗೆ ದಾವೋಸಿನ ಆಳ್ವಿಕೆ ಸಾಗಿತು. ಊರು ಚಿಕ್ಕದಾದುದರಿಂದಲೇ ಇದು ಸಾಧ್ಯವಾಯಿತೇನೋ ಎಂದು ಒಮ್ಮೊಮ್ಮೆ ತೋರುತ್ತದೆ. ಅಲ್ಲಿ ಆಟಗಾರನೂ ನೋಟಕನೂ ಬೇರೆಬೇರೆಯಾಗಿರಲಿಲ್ಲ. ಇಂದು ಕಟ್ಟೆಯ ಮೇಲೆ ನಿಂತು ಕೂಗಿದ ಹುಡುಗನು ನಾಳೆ ಅಂಗಣಕ್ಕೆ ಇಳಿಯುತ್ತಿದ್ದನು.

ದೇಶದ ತಂಡಕ್ಕೂ ನಿ-ಸ್ಟುರ್ಮ್ ಬೆನ್ನೆಲುಬಾಯಿತು. ಅದು ಕೂಡುವ ಮೊದಲೇ, ೧೯೩೦ರ ವಿಶ್ವ ಚಾಂಪಿಯನ್ ಪಂದ್ಯಗಳಲ್ಲಿ ಟೋರಿಯಾನಿಗೆ ಇನ್ನೊಂದು ಕಂಚು ದೊರೆತಿತ್ತು. ಆ ಪಂದ್ಯಗಳು ಫ್ರಾನ್ಸಿನ ಶಾಮೊನಿಯಲ್ಲಿ ಆರಂಭವಾಗಿ, ಹವೆ ಬೆಚ್ಚಗಾಗಿ ಅಂಗಣವೇ ಕರಗಿಹೋದುದರಿಂದ ಬರ್ಲಿನ್ನಿಗೆ ಸಾಗಿದವು. ೧೯೩೫ರ ಜನವರಿಯಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು ದಾವೋಸಿನಲ್ಲಿಯೇ ನಡೆದಾಗ ಸ್ವಿಸ್ ತಂಡವು ಎಲ್ಲರನ್ನೂ ದಾಟಿ ಕೆನಡಾದ ಎದುರಿಗೆ ನಿಂತಿತು. ಏಳು ವರ್ಷಗಳ ಹಿಂದೆ ೧೩-೦ಯಿಂದ ಸೋತವರು ಈ ಸಲ ೪-೨ರಿಂದ ಸೋತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಊರಿನವರು ಮರುಗಿರಬಹುದು. ಆದರೆ ಲೆಕ್ಕ ಬಲ್ಲವರಿಗೆ ಆ ಬೆಳ್ಳಿಯ ಬೆಲೆ ತಿಳಿಯದಿರಲಿಲ್ಲ. ಮರುವರ್ಷ ಜರ್ಮನಿಯ ಗಾರ್ಮಿಶ್ ಒಲಿಂಪಿಕ್ಕಿನಲ್ಲಿ ಮಾತ್ರ ಅದೃಷ್ಟ ಕೈಕೊಟ್ಟು, ತಂಡವು ಮೊದಲ ಸುತ್ತಿನಲ್ಲಿಯೇ ಹಿಂದಿರುಗಬೇಕಾಯಿತು. ೧೯೩೭ರಲ್ಲಿ ಲಂಡನ್ನಿನಲ್ಲಿ ಮತ್ತೆ ಕಂಚು ದೊರೆಯಿತು.

೧೯೩೯ರ ವಿಶ್ವ ಚಾಂಪಿಯನ್ ಪಂದ್ಯಗಳು ಜ್ಯೂರಿಕ್ ಮತ್ತು ಬಾಸೆಲ್ ನಗರಗಳಲ್ಲಿ ಫೆಬ್ರವರಿಯಲ್ಲಿ ನಡೆದವು. ಮೂರನೆಯ ಸ್ಥಾನಕ್ಕೆ ಸ್ವಿಟ್ಜರ್ಲೆಂಡೂ ಜೆಕೊಸ್ಲೊವಾಕಿಯವೂ ಸಮಸಮವಾಗಿ ನಿಂತುದರಿಂದ, ಮಾರ್ಚ್ ೫ರಂದು ಬಾಸೆಲ್ಲಿನಲ್ಲಿ ಇನ್ನೊಂದು ಪಂದ್ಯವನ್ನು ಏರ್ಪಡಿಸಬೇಕಾಯಿತು. ಸ್ವಿಸ್ ತಂಡವು ೨-೦ಯಿಂದ ಗೆದ್ದಿತು. ಗೆದ್ದವರೂ ಸೋತವರೂ ಕೈಕುಲುಕಿ ಅಗಲಿದರು. ಅದಾದ ಹತ್ತೇ ದಿನಗಳಲ್ಲಿ, ಮಾರ್ಚ್ ೧೫ರಂದು, ಹಿಟ್ಲರನ ಸೇನೆಯು ಪ್ರಾಗ್ ನಗರವನ್ನು ಹೊಕ್ಕಿತು. ಬಾಸೆಲ್ಲಿನ ಅಂಗಣದಲ್ಲಿ ಯಾವ ದೇಶದ ಹೆಸರನ್ನು ಎದೆಯ ಮೇಲೆ ಹೊತ್ತು ಆಡಿದ್ದರೋ ಆ ದೇಶವೇ ಭೂಪಟದಿಂದ ಅಳಿಸಿಹೋಯಿತು. ಒಂದು ಕಂಚಿನ ಪದಕಕ್ಕಾಗಿ ಸೆಣಸಿದ ಆ ಸಂಜೆಯು ಅದೆಷ್ಟು ಸುಖದ ಸಂಜೆಯಾಗಿತ್ತೆಂಬುದು ಎರಡೂ ಕಡೆಯವರಿಗೆ ಆಮೇಲೆ ತಿಳಿದಿರಬೇಕು.

ಅದೇ ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಸ್ವಿಟ್ಜರ್ಲೆಂಡ್ ತಟಸ್ಥ ರಾಷ್ಟ್ರವಾದರೂ ಸುತ್ತಲೂ ಬೆಂಕಿ ಉರಿಯುತ್ತಿರಲು ಸುಮ್ಮನೆ ಕೂರುವಂತಿರಲಿಲ್ಲ. ಜನರಲ್ ಗೀಸಾನನ ನೇತೃತ್ವದಲ್ಲಿ ದೇಶದ ಗಂಡಸರು ಗಡಿ ಕಾಯಲು ಹೊರಟರು. ೧೯೪೦ರ ಚಳಿಗಾಲದ ಒಲಿಂಪಿಕ್ ಮೊದಲು ಜಪಾನಿನ ಸಪ್ಪೊರೊಗೆ ಗೊತ್ತಾಗಿ, ಅಲ್ಲಿಂದ ತಪ್ಪಿ ಸೇಂಟ್ ಮೊರಿಟ್ಸ್‌ಗೆ ಬಂದು, ಆಮೇಲೆ ಗಾರ್ಮಿಶ್‌ಗೆ ಹೋಗಿ, ಕೊನೆಗೆ ನಡೆಯಲೇ ಇಲ್ಲ. ೧೯೪೪ರದೂ ನಡೆಯಲಿಲ್ಲ. ೧೯೪೦ರಿಂದ ೧೯೪೬ರವರೆಗೆ ವಿಶ್ವ ಚಾಂಪಿಯನ್ ಪಂದ್ಯಗಳೇ ಇರಲಿಲ್ಲ. ಯುದ್ಧ ಆರಂಭವಾದಾಗ ಟೋರಿಯಾನಿಗೆ ಇಪ್ಪತ್ತೇಳು, ಮುಗಿದಾಗ ಮೂವತ್ಮೂರು. ಆಟಗಾರನೊಬ್ಬನ ಬಾಳಿನಲ್ಲಿ ಶಕ್ತಿಯೂ ಅನುಭವವೂ ಕೂಡಿ ಮಾಗುವ ವರ್ಷಗಳೆಂದರೆ ಅವೇ. ಆ ಫಲವನ್ನು ಆತನು ಜಗತ್ತಿನ ಎದುರು ಇಡಲಾಗಲಿಲ್ಲ. ಬೇರೆ ದೇಶಗಳಲ್ಲಿ ಆತನ ಓರಗೆಯವರು ಎಷ್ಟೋ ಮಂದಿ ಪ್ರಾಣವನ್ನೇ ಕಳೆದುಕೊಂಡರೆಂದು ನೆನೆದಾಗ ಈ ನಷ್ಟವನ್ನು ನಷ್ಟವೆನ್ನಲು ನಾಲಗೆ ಹಿಂಜರಿಯುತ್ತದೆ. ಆತನು ದಾವೋಸಿನ ಅಂಗಣದಲ್ಲಿ ವರ್ಷ ತಪ್ಪದೆ ಆಡುತ್ತ, ಕಾಯುತ್ತ ಉಳಿದನು.

ಕಾದುದು ವ್ಯರ್ಥವಾಗಲಿಲ್ಲ. ಯುದ್ಧಾನಂತರದ ಮೊದಲ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ೧೯೪೮ರ ಜನವರಿ ೩೦ರಂದು ಮತ್ತೆ ಅದೇ ಸೇಂಟ್ ಮೊರಿಟ್ಸ್‌ನಲ್ಲಿ ಆರಂಭವಾದವು. ನೆರೆದ ಎಲ್ಲ ದೇಶಗಳ ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆಯನ್ನು ಸ್ವೀಕರಿಸುವ ಗೌರವವು ಆ ಊರಿನ ಮಗನಾದ ಟೋರಿಯಾನಿಗೆ ದೊರೆಯಿತು. ಐಸ್ ಹಾಕಿ ಆಟಗಾರನೊಬ್ಬನಿಗೆ ಆ ಗೌರವ ಸಂದುದು ಅದೇ ಮೊದಲು. ನಿಯಮಗಳಿಗೆ ತಲೆಬಾಗಿ, ಕ್ರೀಡೆಯ ಮರ್ಯಾದೆಯನ್ನು ಕಾಯ್ದು ಆಡುತ್ತೇವೆಂದು ಆತನು ಎಲ್ಲರ ಪರವಾಗಿ ಮಾತು ಕೊಟ್ಟನು. ಅಲ್ಲಿಯೇ ಆ ಮಾತಿಗೆ ಪರೀಕ್ಷೆಯೂ ಒದಗಿತು. ಅಮೆರಿಕದಿಂದ ಒಂದರ ಬದಲು ಎರಡು ಹಾಕಿ ತಂಡಗಳು ಬಂದಿದ್ದವು! ಎರಡು ಸಂಸ್ಥೆಗಳು, ಯಾರು ನಿಜವಾದ ಹವ್ಯಾಸಿಗಳೆಂಬ ವಿಷಯದಲ್ಲಿ ಜಗಳವಾಡಿ, ತಮ್ಮ ತಮ್ಮ ತಂಡಗಳನ್ನು ಕಳುಹಿಸಿಬಿಟ್ಟಿದ್ದವು. ಹಾಕಿ ಪಂದ್ಯಗಳನ್ನೇ ರದ್ದುಗೊಳಿಸುವ ಮಾತೂ ನಡೆಯಿತು. ಕೊನೆಗೆ ಒಂದು ತಂಡವು ಮೆರವಣಿಗೆಯಲ್ಲಿ ನಡೆಯಿತು, ಇನ್ನೊಂದು ತಂಡವು ಪಂದ್ಯಗಳನ್ನು ಆಡಿತು. ಆಡಿದವರ ಹೆಸರನ್ನು ಅಂತಿಮ ಪಟ್ಟಿಯಿಂದ ತೆಗೆದುಹಾಕಲಾಯಿತು. ಅಧಿಕಾರಿಗಳ ಕಚ್ಚಾಟದಲ್ಲಿ ಆಟಗಾರರು ಬಡವಾಗುವ ಪದ್ಧತಿ ಇಂದುನಿನ್ನೆಯದಲ್ಲ.

ಸ್ವಿಸ್ ತಂಡವು ಎಂಟು ಪಂದ್ಯಗಳಲ್ಲಿ ಆರನ್ನು ಗೆದ್ದಿತು. ಕೊನೆಯ ದಿನವಾದ ಫೆಬ್ರವರಿ ೮ರಂದು ಎದುರಿಗೆ ನಿಂತವರು ಮತ್ತೆ ಕೆನಡಾದವರು. ಈ ಬಾರಿ ಅವರ ವಿಮಾನಪಡೆಯ ತಂಡ. ಅಂದು ಸ್ವಿಸ್ ತಂಡವು ಗೆದ್ದಿದ್ದರೆ ಬೆಳ್ಳಿಯು ಅದರದಾಗುತ್ತಿತ್ತು, ಚಿನ್ನವು ಜೆಕೊಸ್ಲೊವಾಕಿಯದ ಪಾಲಾಗುತ್ತಿತ್ತು. ಅಂಗಣವು ಬಿಸಿಲಿಗೆ ಮೆತ್ತಗಾಗಿತ್ತು. ತೀರ್ಪುಗಾರರ ಮೇಲೆ ಸಿಟ್ಟಾದ ಪ್ರೇಕ್ಷಕರು ಹಿಮದ ಉಂಡೆಗಳನ್ನು ಎಸೆದರು. ಕೆನಡಾದವರು ೩-೦ಯಿಂದ ಗೆದ್ದು ಗೋಲುಗಳ ಲೆಕ್ಕದಲ್ಲಿ ಚಿನ್ನವನ್ನು ಒಯ್ದರು. ಟೋರಿಯಾನಿಗೂ ಇಬ್ಬರು ಕಟ್ಟೀನಿಗಳಿಗೂ ಕಂಚು ದೊರೆಯಿತು. ಹದಿನಾರರ ವಯಸ್ಸಿನಲ್ಲಿ ಗೆದ್ದ ಪದಕವನ್ನೇ ಮೂವತ್ತಾರರ ವಯಸ್ಸಿನಲ್ಲಿ, ಅದೇ ಊರಿನಲ್ಲಿ, ಆತನು ಮತ್ತೆ ಗೆದ್ದನು. ಲೋಹ ಒಂದೇ ಆದರೂ ಎರಡರ ತೂಕ ಒಂದೇ ಅಲ್ಲ. ಮೊದಲನೆಯದು ಹುಡುಗನಿಗೆ ಒಲಿದ ಭಾಗ್ಯ. ಎರಡನೆಯದು ಇಪ್ಪತ್ತು ವರ್ಷ ದುಡಿದ ಗೃಹಸ್ಥನ ಸಂಪಾದನೆ. ೧೩-೦ಯ ಸೋಲು ೩-೦ಗೆ ಇಳಿದಿತ್ತು.

ಇಲ್ಲಿ ಆತನ ಎದುರಾಳಿಗಳ ಕಥೆಯನ್ನೂ ಎರಡು ಮಾತಿನಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಆ ವರ್ಷ ಬೆಳ್ಳಿ ಗೆದ್ದ ಜೆಕೊಸ್ಲೊವಾಕಿಯ ತಂಡದಲ್ಲಿ ಯಾರೋಸ್ಲಾವ್ ದ್ರೊಬ್ನಿ ಎಂಬಾತನಿದ್ದನು. ಆತನು ಟೆನಿಸ್ ಆಟದಲ್ಲಿಯೂ ಪ್ರವೀಣ. ೧೯೪೯ರಲ್ಲಿ ಸ್ವಿಟ್ಜರ್ಲೆಂಡಿಗೆ ಟೆನಿಸ್ ಆಡಲು ಬಂದವನು ತನ್ನ ದೇಶಕ್ಕೆ ಹಿಂದಿರುಗಲಿಲ್ಲ; ೧೯೫೪ರಲ್ಲಿ ಈಜಿಪ್ಟಿನ ಪರವಾಗಿ ಆಡಿ ವಿಂಬಲ್ಡನ್ ಪ್ರಶಸ್ತಿಯನ್ನು ಗೆದ್ದನು. ಊರಿಗೆ ಹಿಂದಿರುಗಿದವರ ಗತಿಯಾದರೋ ಬೇರೆ. ೧೯೫೦ರ ಮಾರ್ಚಿಯಲ್ಲಿ, ಲಂಡನ್ನಿನ ವಿಶ್ವ ಚಾಂಪಿಯನ್ ಪಂದ್ಯಗಳಿಗೆ ಹೊರಡಬೇಕಾಗಿದ್ದ ಆಟಗಾರರನ್ನು ಅಂದಿನ ಸರ್ಕಾರವು ದೇಶದ್ರೋಹದ ಆರೋಪ ಹೊರಿಸಿ ಸೆರೆಹಿಡಿಯಿತು. ೧೯೪೮ರಲ್ಲಿ ಕೆನಡಾಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದೆ ಗುರಿ ಕಾಯ್ದ ಬೊಹುಮಿಲ್ ಮೊದ್ರಿಗೆ ಹದಿನೈದು ವರ್ಷ, ಅಗಸ್ಟಿನ್ ಬುಬ್ನಿಕ್‌ಗೆ ಹದಿನಾಲ್ಕು ವರ್ಷ ಸೆರೆವಾಸ. ಯುರೇನಿಯಂ ಗಣಿಗಳಲ್ಲಿ ಅವರನ್ನು ದುಡಿಸಿದರು. ಐದು ವರ್ಷಗಳ ಮೇಲೆ ಬಿಡುಗಡೆಯಾದರೂ ಮೊದ್ರಿಯ ಆರೋಗ್ಯವು ಮರಳಲಿಲ್ಲ; ೧೯೬೩ರಲ್ಲಿ, ಐವತ್ತು ತುಂಬುವ ಮೊದಲೇ, ಆತನು ತೀರಿಕೊಂಡನು. ಒಂದೇ ಅಂಗಣದಲ್ಲಿ ಒಂದೇ ಬಿಲ್ಲೆಯ ಹಿಂದೆ ಓಡಿದ ತರುಣರಲ್ಲಿ ಕೆಲವರಿಗೆ ಮನೆ, ಕೆಲವರಿಗೆ ಪರದೇಶ, ಕೆಲವರಿಗೆ ಸೆರೆಮನೆ. ಯೋಗ್ಯತೆಯಲ್ಲಿ ಅವರ ನಡುವೆ ಭೇದವಿರಲಿಲ್ಲ. ಹುಟ್ಟಿದ ನೆಲ ಮಾತ್ರ ಬೇರೆಯಾಗಿತ್ತು. ಟೋರಿಯಾನಿಯ ಬಾಳಿನ ನೆಮ್ಮದಿಯನ್ನು ಕುರಿತು ಓದುವಾಗ ಇದನ್ನೂ ನೆನೆಯಬೇಕು.

೧೯೫೦ರಲ್ಲಿ ದಾವೋಸಿಗೆ ಇನ್ನೊಂದು ಪಟ್ಟವನ್ನು ಗೆದ್ದುಕೊಟ್ಟು ಟೋರಿಯಾನಿ ಆಟಗಾರನ ಅಂಗಿಯನ್ನು ಕಳಚಿದನು. ಆಮೇಲೆ ತರಬೇತುದಾರನಾಗಿ ತನ್ನ ವಿದ್ಯೆಯನ್ನು ಕಿರಿಯರಿಗೆ ಧಾರೆಯೆರೆದನು. ಆದರೆ ಹಿಮದ ಸೆಳೆತ ಅಷ್ಟಕ್ಕೇ ಬಿಡಲಿಲ್ಲ. ಲೂಜ್ ಎಂಬುದೊಂದು ಜಾರುಬಂಡಿಯ ಆಟ. ಬೆನ್ನಿನ ಮೇಲೆ ಒರಗಿ, ಕಾಲು ಮುಂದೆ ಚಾಚಿ, ಹಿಮದ ಇಳಿಜಾರಿನಲ್ಲಿ ಬಾಣದಂತೆ ಇಳಿಯಬೇಕು. ೧೯೫೭ರಲ್ಲಿ ದಾವೋಸಿನಲ್ಲಿ ನಡೆದ ಅದರ ವಿಶ್ವ ಚಾಂಪಿಯನ್ ಸ್ಪರ್ಧೆಯಲ್ಲಿ ನಲವತ್ತೈದು ವರ್ಷದ ಟೋರಿಯಾನಿ ಬೆಳ್ಳಿಯ ಪದಕವನ್ನು ಗೆದ್ದನು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಹತ್ತಿರ ಬರುತ್ತಿರುವಾಗ ಬೇರೊಂದು ಆಟವನ್ನು ಹಿಡಿದು ಜಗತ್ತಿಗೆ ಎರಡನೆಯವನಾಗುವುದು ಸಾಮಾನ್ಯರಿಗೆ ಸಾಧ್ಯವಾದ ಮಾತಲ್ಲ.

ಆತನು ಬಿಟ್ಟ ಮೇಲೆ ಸಂಘವು ಏಳುಬೀಳುಗಳನ್ನು ಕಂಡಿತು. ೧೯೫೧ರಿಂದ ಏಳು ವರ್ಷ ನೆರೆಯ ಆರೋಸ ಸಂಘವು ಪಟ್ಟವನ್ನು ಆಳಿತು. ೧೯೪೮ರ ತಂಡದಲ್ಲಿದ್ದ ಪೋಲ್ಟೆರ ಸಹೋದರರೂ ಹಾನ್ಸ್ ಟ್ರೆಪ್ಪನೂ ಅಲ್ಲಿನ ಮುಂಚೂಣಿ. ಇವರೂ ಮೂವರು, ಇವರಲ್ಲೂ ಇಬ್ಬರು ಅಣ್ಣತಮ್ಮಂದಿರು. ನಿ-ಸ್ಟುರ್ಮ್ ಹಾಕಿದ ಮೇಲ್ಪಂಕ್ತಿ ಅಷ್ಟು ಬಲವಾಗಿತ್ತು. ದಾವೋಸ್ ೧೯೫೮ ಮತ್ತು ೧೯೬೦ರಲ್ಲಿ ಗೆದ್ದು, ಆಮೇಲೆ ಇಪ್ಪತ್ನಾಲ್ಕು ವರ್ಷ ಪಟ್ಟವಿಲ್ಲದೆ ಕಳೆಯಿತು. ೧೯೭೯ರಲ್ಲಿ ಅಂಗಣಕ್ಕೆ ಮರದ ಭವ್ಯವಾದ ಚಾವಣಿ ಬಂದಿತು. ೧೯೮೪, ೧೯೮೫ರಲ್ಲಿ ಮತ್ತೆ ಪಟ್ಟಗಳು ಬಂದವು. ಅದನ್ನು ನೋಡಲು ಮುದುಕ ಟೋರಿಯಾನಿ ಬದುಕಿದ್ದನು. ಹವ್ಯಾಸದ ಸಂಘವು ಕಾಲಕ್ರಮದಲ್ಲಿ ವೃತ್ತಿಪರ ಸಂಘವಾಯಿತು. ಆರ್ನೊ ಡೆಲ್ ಕುರ್ಟೊ ಎಂಬ ಹುಮ್ಮಸ್ಸಿನ ತರಬೇತುದಾರನು ೧೯೯೬ರಿಂದ ೨೦೧೮ರವರೆಗೆ ಅದನ್ನು ನಡೆಸಿ ಆರು ಪಟ್ಟಗಳನ್ನು ತಂದನು. ೨೦೦೪ರಲ್ಲಿ ಅಮೆರಿಕದ ಮಹಾ ಲೀಗ್ ಸ್ಥಗಿತಗೊಂಡಾಗ ಜೋ ಥಾರ್ನ್ಟನ್, ರಿಕ್ ನ್ಯಾಶ್ ಎಂಬ ಕೆನಡಾದ ಘಟಾನುಘಟಿಗಳು ಬಂದು ಇದೇ ಅಂಗಣದಲ್ಲಿ ಆಡಿದರು. ಯಾರನ್ನು ಒಮ್ಮೆ ಅಳುಕಿನಿಂದ ನೋಡುತ್ತಿದ್ದರೋ ಅವರೇ ದಾವೋಸಿನ ಅಂಗಿ ತೊಟ್ಟರು. ೨೦೧೫ರವರೆಗೆ ಸಂಘವು ಗಳಿಸಿದ ರಾಷ್ಟ್ರೀಯ ಪಟ್ಟಗಳು ೩೧. ಅವುಗಳಲ್ಲಿ ಅರ್ಧಕ್ಕಿಂತ ಹೆ‍ಚ್ಚು ಟೋರಿಯಾನಿಯ ಕಾಲದವು.

೧೯೮೮ರ ಸೆಪ್ಟೆಂಬರ್ ೩ರಂದು ಅದೇ ಪ್ರಾಂತದ ಮುಖ್ಯಪಟ್ಟಣವಾದ ಕೂರ್‌ನಲ್ಲಿ ಬಿಬಿ ಟೋರಿಯಾನಿ ಕಣ್ಮುಚ್ಚಿದನು. ೧೯೯೭ರಲ್ಲಿ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು ಮಹನೀಯರ ಪಟ್ಟಿಯೊಂದನ್ನು ಆರಂಭಿಸಿದಾಗ ಮೊದಲ ಗುಂಪಿನಲ್ಲಿಯೇ ಆತನ ಹೆಸರು ಸೇರಿತು. ಮರುವರ್ಷ ಇಬ್ಬರು ಕಟ್ಟೀನಿಗಳ ಹೆಸರೂ ಸೇರಿತು. ೨೦೧೫ರಲ್ಲಿ ಅದೇ ಒಕ್ಕೂಟವು ಟೋರಿಯಾನಿಯ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿತು. ಹಾಕಿಯಲ್ಲಿ ದೊಡ್ಡವೆನಿಸಿಕೊಂಡ ದೇಶಗಳಿಗೆ ಸೇರದೆ, ಚಿಕ್ಕ ದೇಶದಲ್ಲಿ ಹುಟ್ಟಿಯೂ ದೊಡ್ಡದಾಗಿ ಆಡಿದವರಿಗೆ ಆ ಪ್ರಶಸ್ತಿ ಮೀಸಲು. ಮೊದಲ ಸಲ ಅದು ಇಟಲಿಯ ಲೂಚಿಯೊ ಟೊಪಾಟಿಗ್‌ಗೆ ಸಂದಿತು. ಆತನ ಹೆಸರಿಗೆ ಇದಕ್ಕಿಂತ ಒಪ್ಪುವ ಸ್ಮಾರಕವನ್ನು ಕಲ್ಲಿನಲ್ಲಿ ಕಡೆಯುವುದು ಕಷ್ಟ.

ವಿದ್ಯಾರ್ಥಿ ಮಿತ್ರರೇ, ಈ ಮನುಷ್ಯನು ಒಲಿಂಪಿಕ್ ಚಿನ್ನವನ್ನು ಗೆಲ್ಲಲಿಲ್ಲ. ವಿಶ್ವ ಚಾಂಪಿಯನ್ ಆಗಲಿಲ್ಲ. ಆತನ ದೇಶದ ತಂಡವು ದೊಡ್ಡ ಪಂದ್ಯಗಳಲ್ಲಿ ಕೆನಡಾದವರಿಗೆ ಮತ್ತೆ ಮತ್ತೆ ಸೋತಿತು. ಹಾಗಿದ್ದರೂ ಆತನನ್ನು ಜಗತ್ತು ಇಂದಿಗೂ ನೆನೆಯುತ್ತಿರುವುದೇಕೆ? ಹದಿಮೂರು ಗೋಲುಗಳ ಅಂತರವನ್ನು ಎರಡಕ್ಕೂ ಮೂರಕ್ಕೂ ಇಳಿಸಲು ಒಂದು ಆಯುಷ್ಯವನ್ನೇ ಸವೆಸಿದ ಛಲಕ್ಕಾಗಿ. ಬಿಲ್ಲೆಯನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಜೊತೆಯವನಿಗೆ ಕೊಟ್ಟ ಔದಾರ್ಯಕ್ಕಾಗಿ. ಒಂದು ಪುಟ್ಟ ಊರನ್ನು ನಂಬಿ ಇಪ್ಪತ್ತೊಂದು ವರ್ಷ ಅಲ್ಲಿಯೇ ನಿಂತ ನಿಷ್ಠೆಗಾಗಿ. ನಮ್ಮಲ್ಲಿ ಹೆಚ್ಚಿನವರ ಪಾಲಿಗೂ ಬಾಳಿನಲ್ಲಿ ದೊರೆಯುವುದು ಚಿನ್ನವಲ್ಲ, ಕಂಚೇ. ಅದನ್ನು ತೊಳೆದು ಬೆಳಗಿಕೊಳ್ಳುವ ಕೆಲಸ ನಮ್ಮ ಕೈಯಲ್ಲಿದೆ.